ಕೋಹಾ ಸರ್ವರ್ ನಿಂತರೆ ನನಗೇ ಮೊದಲು ಗೊತ್ತಾಗಬೇಕು. ಮಾನಿಟರಿಂಗ್ ಎಲ್ಲಿ, ಹೇಗೆ ಹಾಕೋದು?

ಲ್ಯಾಬ್‌ಶಿರಸಿ:

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಲೈಬ್ರರಿಯ ಕೋಹಾ (ಪುಸ್ತಕಗಳ ಪಟ್ಟಿ, ಹುಡುಕಾಟ ನೋಡಿಕೊಳ್ಳುವ ಸಾಫ್ಟ್‌ವೇರ್) ಸರ್ವರ್ ಕೂಡ ನನ್ನದೇ ಜವಾಬ್ದಾರಿ. ಡೆಬಿಯನ್ 12 ಲಿನಕ್ಸ್, 8 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ. ಲೈಬ್ರರಿಯ ಒಳಕೋಣೆಯಲ್ಲಿ, ಹಳೇ ಪತ್ರಿಕೆಗಳ ಕಪಾಟಿನ ಪಕ್ಕ ಇದೆ. ಕ್ಯಾಂಪಸ್ ಒಳಗೆ ಮಾತ್ರ ಓಪನ್ ಆಗುತ್ತದೆ, ಹೊರಗಿನಿಂದ ಆಗುವುದಿಲ್ಲ. ಇದು ಬಿಟ್ಟರೆ ಕಾಲೇಜಿನ ವೆಬ್‌ಸೈಟ್‌ಗೆ 1 ಜಿಬಿ ರ‍್ಯಾಮ್‌ನ ಒಂದು ವಿಪಿಎಸ್ (ಇಂಟರ್ನೆಟ್‌ನಲ್ಲಿ ಬಾಡಿಗೆಗೆ ಪಡೆದ ಸರ್ವರ್) ಇದೆ.

ಹೋದ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಲೈಬ್ರರಿಯನ್ ಮೇಡಂ ಫೋನ್ ಮಾಡಿದರು. "ಯಾವ ಪುಸ್ತಕ ಹುಡುಕಿದರೂ ಇಲ್ಲ ಅಂತ ಬರ್ತಿದೆ, ಮಕ್ಕಳು ಸಾಲಾಗಿ ನಿಂತಿದ್ದಾರೆ" ಅಂದರು. ಓಡಿ ಹೋಗಿ ನೋಡಿದರೆ ಡಿಸ್ಕ್ 100 ಪರ್ಸೆಂಟ್ ತುಂಬಿದೆ. ನಾನೇ ಬರೆದ ಬ್ಯಾಕಪ್ ಸ್ಕ್ರಿಪ್ಟ್ ದಿನಾ ರಾತ್ರಿ ಡೇಟಾಬೇಸ್‌ನ ಒಂದು ಡಂಪ್ (ಪೂರ್ತಿ ನಕಲು) ತೆಗೆದು ಅದೇ ಡಿಸ್ಕ್‌ನಲ್ಲಿ ಇಡುತ್ತಿತ್ತು. ಹಳೆಯದನ್ನು ಅಳಿಸುವ ಸಾಲನ್ನು ಬರೆದಿರಲೇ ಇಲ್ಲ. ಶನಿವಾರ ರಾತ್ರಿ ಜಾಗ ಮುಗಿದಿದೆ. ಶನಿವಾರದ್ದು, ಭಾನುವಾರದ್ದು ಎರಡೂ ಬ್ಯಾಕಪ್ ಫೈಲ್ ಸೊನ್ನೆ ಬೈಟ್. ಆ ಎರಡು ಸೊನ್ನೆ ನೋಡಿ ನಿಜವಾಗಿಯೂ ಹೊಟ್ಟೆಯಲ್ಲಿ ಕಲಸಿದಂತಾಯಿತು. ಮೇಡಂ ಮೂರು ವರ್ಷ ಕೂತು ಒಂದೊಂದೇ ಪುಸ್ತಕ ಎಂಟ್ರಿ ಮಾಡಿದ ಕೆಲಸ ಅದರಲ್ಲಿದೆ.

ಅದೇ ಸರ್ವರ್‌ನಲ್ಲಿ ಅಪ್‌ಟೈಮ್ ಕುಮಾ ಅನ್ನೋ ಮಾನಿಟರಿಂಗ್ ಸಾಫ್ಟ್‌ವೇರ್ ಹಾಕಿದ್ದೆ. ಕೋಹಾದ ಮುಖಪುಟ ನೋಡುತ್ತಿರಲಿ ಅಂತ ಬಿಟ್ಟಿದ್ದೆ. ಅದರಿಂದ ಒಂದೇ ಒಂದು ಮೆಸೇಜ್ ಬರಲಿಲ್ಲ.

ಕುಮಾ ಸಾಕಾ, ಇಲ್ಲ ಜ್ಯಾಬಿಕ್ಸ್, ಪ್ರೊಮಿಥಿಯಸ್‌ನಂಥ ದೊಡ್ಡ ಮಾನಿಟರಿಂಗ್ ಸಾಫ್ಟ್‌ವೇರ್ ಕಡೆ ಹೋಗಬೇಕಾ? ಹೊರಗಿನಿಂದ ಕಾಣದ ಸರ್ವರ್‌ನ ಮೇಲೆ ಕಣ್ಣಿಡುವುದು ಹೇಗೆ? ಡಿಸ್ಕ್ ತುಂಬುವ ಮುಂಚೆಯೇ ನನಗೆ ತಿಳಿಯಬೇಕು, ಅಷ್ಟೇ.

ರಾತ್ರಿಪಾಳಿ:

ಸರ್, ಮೊದಲು ಜಾಗದ ವಿಷಯ ಹೇಳ್ತೀನಿ, ಯಾಕಂದರೆ ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ. ಯಾವ ಮೆಷಿನ್ ಮೇಲೆ ಕಣ್ಣಿಡಬೇಕೋ ಅದರೊಳಗೇ ಮಾನಿಟರ್ ಇಡಬಾರದು. ಕುಮಾ ಸಾಮಾನ್ಯವಾಗಿ ತನ್ನ ಲೆಕ್ಕವನ್ನೆಲ್ಲ ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಫೈಲ್‌ನಲ್ಲಿ ಬರೆದಿಡುತ್ತದೆ. ನಿಮ್ಮಲ್ಲಿ ಆ ಫೈಲ್ ಕೂಡ ತುಂಬಿದ ಡಿಸ್ಕ್‌ನಲ್ಲೇ ಇತ್ತು, ಅಲ್ವಾ? ಕರೆಂಟ್ ಹೋದರೂ ಅದೇ ಕಥೆ. ಎರಡೂ ಒಟ್ಟಿಗೆ ಹೋಗುತ್ತವೆ, ಹೇಳೋಕೆ ಯಾರೂ ಉಳಿಯುವುದಿಲ್ಲ.

ಎರಡು ಮೆಷಿನ್‌ಗೆ ಜ್ಯಾಬಿಕ್ಸ್ ಬೇಡ. ಒಳ್ಳೆಯ ಸಾಫ್ಟ್‌ವೇರ್, ನಾನು ದಿನಾ ಬಳಸ್ತೀನಿ. ಆದರೆ ಅದಕ್ಕೆ ತನ್ನದೇ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇಕು. ನಿಮ್ಮ 1 ಜಿಬಿ ವಿಪಿಎಸ್‌ನಲ್ಲಿ ವೆಬ್‌ಸೈಟ್ ಜೊತೆ ಅದನ್ನೂ ತುಂಬಿದರೆ ಉಸಿರುಗಟ್ಟುತ್ತದೆ. ಮುಂದೆ ಸ್ವಿಚ್, ಪ್ರಿಂಟರ್, ಹಾಸ್ಟೆಲ್ ವೈಫೈ ಎಲ್ಲಾ ನಿಮ್ಮ ಕೈಗೆ ಬಂದಾಗ ನೋಡಿ.

ನಾನಾಗಿದ್ದರೆ ಹೀಗೆ ಮಾಡ್ತಿದ್ದೆ. ಲ್ಯಾಬ್‌ನಲ್ಲಿ ಮೂಲೆಗೆ ಹಾಕಿದ ಹಳೇ ಪಿಸಿ ಒಂದಾದರೂ ಇರುತ್ತದೆ. ಅದಕ್ಕೆ ಡೆಬಿಯನ್ ಹಾಕಿ ಒಂದು ಕುಮಾ. ವಿಪಿಎಸ್‌ನಲ್ಲಿ ಇನ್ನೊಂದು ಕುಮಾ. ಒಳಗಿನದು ಕೋಹಾವನ್ನು ನೋಡಲಿ. ಹೊರಗಿನದರಲ್ಲಿ "ಪುಶ್" ಅನ್ನೋ ಬಗೆಯ ಮಾನಿಟರ್ ಮಾಡಿ. ಅದು ತಾನಾಗಿ ಯಾರನ್ನೂ ಕೇಳುವುದಿಲ್ಲ, ಒಂದು ವಿಳಾಸ ಕೊಟ್ಟು ಸುಮ್ನೆ ಕಾಯುತ್ತದೆ. ಕ್ಯಾಂಪಸ್ ಒಳಗಿನ ಮೆಷಿನ್‌ಗಳು ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್ ಸೌಲಭ್ಯ) ಮೂಲಕ 5 ನಿಮಿಷಕ್ಕೊಮ್ಮೆ ಆ ವಿಳಾಸವನ್ನು ಕರೆಯಬೇಕು. ಕರೆ ನಿಂತರೆ ನಿಮ್ಮ ಟೆಲಿಗ್ರಾಂಗೆ ಮೆಸೇಜ್. ಫೈರ್‌ವಾಲ್‌ನಲ್ಲಿ ಏನೂ ತೆರೆಯಬೇಕಾಗಿಲ್ಲ. ಹಾಗೇ ಒಳಗಿನದು ಕಾಲೇಜಿನ ವೆಬ್‌ಸೈಟ್ ನೋಡಲಿ. ಒಬ್ಬರನ್ನೊಬ್ಬರು ಕಾಯಲಿ. ಪುಶ್‌ನ ಅವಧಿ ಸರಿಯಾಗಿ 300 ಸೆಕೆಂಡ್ ಇಡಬೇಡಿ, 360 ಇಡಿ. ಇಲ್ಲದಿದ್ದರೆ ಕ್ರಾನ್ ಒಂದೆರಡು ಸೆಕೆಂಡ್ ತಡವಾದರೂ ಕೆಂಪು ತೋರಿಸುತ್ತದೆ.

ಕುಮಾವನ್ನು ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ವ್ಯವಸ್ಥೆ) ಹಾಕುವಾಗ ಒಂದು ಎಚ್ಚರ. ಪೋರ್ಟ್ ಸಾಲಿನಲ್ಲಿ ಬರೀ 3001:3001 ಅಂತ ಬರೆದರೆ ಅದು ಇಡೀ ಲೋಕಕ್ಕೆ ತೆರೆದುಕೊಳ್ಳುತ್ತದೆ. ಡಾಕರ್ ತನ್ನದೇ ಐಪಿಟೇಬಲ್ಸ್ (ಲಿನಕ್ಸ್‌ನ ಒಳಗಿನ ಫೈರ್‌ವಾಲ್) ನಿಯಮ ಹಾಕಿಕೊಳ್ಳುವುದರಿಂದ ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ ನೀವು ಮುಚ್ಚಿದ್ದರೂ ತಡೆಯುವುದಿಲ್ಲ. ಆ ಅಂಕಿಗಳ ಶುರುವಿನಲ್ಲಿ 127.0.0.1: (ಆ ಮೆಷಿನ್ ಒಳಗಿನಿಂದ ಮಾತ್ರ ಸಿಗುವ ವಿಳಾಸ) ಸೇರಿಸಿ, ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಮೂಲಕ ಎಚ್‌ಟಿಟಿಪಿಎಸ್ ಕೊಡಿ. ಎನ್‌ಜಿನ್‌ಎಕ್ಸ್‌ನಲ್ಲಿ ವೆಬ್‌ಸಾಕೆಟ್‌ಗೆ (ಪುಟ, ಸರ್ವರ್ ನಡುವಿನ ನಿರಂತರ ಸಂಪರ್ಕ) ಬೇಕಾದ ಎರಡು ಹೆಡರ್ ಮರೆತರೆ ಕುಮಾ ಪುಟ ಕೆಲಸ ಮಾಡುವುದಿಲ್ಲ. ಇನ್ನೊಂದು, ಹಾಕಿದ ಮೇಲೆ ಯಾರು ಮೊದಲು ಪುಟ ತೆರೆಯುತ್ತಾರೋ ಅವರೇ ಅಡ್ಮಿನ್ ಖಾತೆ ಮಾಡಬಹುದು. ಹಾಕಿದ ಕೂಡಲೇ ಹೋಗಿ ಪಾಸ್‌ವರ್ಡ್ ಇಡಿ, ಚಹಾ ಕುಡಿದು ಬರ್ತೀನಿ ಅಂತ ಬಿಡಬೇಡಿ.

ಮುಖಪುಟ ನೋಡುವುದನ್ನು ಇವತ್ತೇ ಬಿಡಿ. ಅದು 200 ಅಂತ ಉತ್ತರ ಕೊಟ್ಟರೆ ಪುಟ ತೆರೆಯಿತು ಅಂತ ಮಾತ್ರ ಗೊತ್ತಾಗುತ್ತದೆ. ಕುಮಾದಲ್ಲಿ ಕೀವರ್ಡ್ ಮಾನಿಟರ್ ಇದೆ. ನಿಮ್ಮ ಲೈಬ್ರರಿಯಲ್ಲಿ ಖಂಡಿತಾ ಇರುವ ಒಂದು ಪುಸ್ತಕದ ಹುಡುಕಾಟದ ವಿಳಾಸವನ್ನು ಅದಕ್ಕೆ ಕೊಡಿ. ಉತ್ತರದಲ್ಲಿ ಆ ಪುಸ್ತಕದ ಲೇಖಕರ ಹೆಸರು ಬರಬೇಕು ಅಂತ ಹೇಳಿ. ಪುಸ್ತಕದ ಹೆಸರನ್ನೇ ಕೀವರ್ಡ್ ಮಾಡಬೇಡಿ, ಹುಡುಕಿದ ಪದ ಪುಟದಲ್ಲಿ ಹೇಗೂ ಮತ್ತೆ ಕಾಣುತ್ತದೆ.

ಅಂಕಿಅಂಶ:

ನಾನು ಪ್ರೊಮಿಥಿಯಸ್ ಕಡೆಯವಳು, ಆದರೂ ಮೇಲಿನ ಮಾತನ್ನು ಒಪ್ತೀನಿ. ಮೊದಲು ಕುಮಾ ಹಾಕಿ. ಆಮೇಲೆ ಆಸಕ್ತಿ ಇದ್ದರೆ ಆ ಹಳೇ ಪಿಸಿಯಲ್ಲೇ ಪ್ರೊಮಿಥಿಯಸ್, ಕೋಹಾ ಸರ್ವರ್‌ನಲ್ಲಿ ನೋಡ್ ಎಕ್ಸ್‌ಪೋರ್ಟರ್ ಹಾಕಬಹುದು. ಎರಡೂ ಡೆಬಿಯನ್‌ನ ಆಪ್ಟ್‌ನಲ್ಲೇ (ಸಾಫ್ಟ್‌ವೇರ್ ಹಾಕುವ ಸಾಧನ) ಸಿಗುತ್ತವೆ. ಎಕ್ಸ್‌ಪೋರ್ಟರ್ 9100ನೇ ಪೋರ್ಟ್‌ನಲ್ಲಿ ಸರ್ವರ್‌ನ ಡಿಸ್ಕ್, ಸಿಪಿಯು ಲೆಕ್ಕ ಕೊಡುತ್ತದೆ, ಪ್ರೊಮಿಥಿಯಸ್ ಬಂದು ಎತ್ತಿಕೊಂಡು ಹೋಗುತ್ತದೆ.

ಇದರ ದೊಡ್ಡ ಲಾಭ ಅಂದರೆ ಡಿಸ್ಕ್ ಯಾವಾಗ ತುಂಬಬಹುದು ಅಂತ ಮುಂಚೆಯೇ ಅಂದಾಜು ಸಿಗುತ್ತದೆ. ಪ್ರೆಡಿಕ್ಟ್ ಲೀನಿಯರ್ ಅನ್ನೋ ಫಂಕ್ಷನ್ ಇದೆ. ಆದರೆ ಎಲ್ಲರೂ 6 ಗಂಟೆಯ ಲೆಕ್ಕ ಇಟ್ಟು ನಾಲ್ಕು ದಿನದ ಅಂದಾಜು ಕೇಳುವ ಉದಾಹರಣೆಯನ್ನೇ ಕಾಪಿ ಮಾಡುತ್ತಾರೆ. ನಿಮ್ಮ ಡಿಸ್ಕ್ ಹಗಲೆಲ್ಲ ಸುಮ್ಮನಿದ್ದು ರಾತ್ರಿ ಒಂದೇ ಸಲ ಜಿಗಿಯುತ್ತದೆ. 6 ಗಂಟೆ ನೋಡಿದರೆ ಹಗಲಿಡೀ ಏನೂ ಇಲ್ಲ ಅನ್ನುತ್ತದೆ, ಬ್ಯಾಕಪ್ ಆದ ಮೇಲೆ ಬೆಳಗಿನವರೆಗೆ ಸುಮ್ನೆ ಗಾಬರಿ ಹುಟ್ಟಿಸುತ್ತದೆ. 3 ದಿನದ ಲೆಕ್ಕ ಕೊಡಿ. ಮತ್ತೆ, ಎಕ್ಸ್‌ಪೋರ್ಟರ್ ಕೊಡುವ ಎರಡು ಅಂಕಿಗಳಲ್ಲಿ "ಫ್ರೀ" ಅಲ್ಲ, "ಅವೇಲ್" ಅನ್ನೋದನ್ನು ತಗೊಳ್ಳಿ. ಎಕ್ಸ್‌ಟಿ4 ಫೈಲ್ ಸಿಸ್ಟಂ ಸಾಮಾನ್ಯವಾಗಿ 5 ಪರ್ಸೆಂಟ್ ಜಾಗವನ್ನು ರೂಟ್‌ಗೆ (ಅಡ್ಮಿನ್ ಬಳಕೆದಾರನಿಗೆ) ಅಂತ ಎತ್ತಿಟ್ಟಿರುತ್ತದೆ. ಡೇಟಾಬೇಸ್‌ಗೆ ಅದು ಸಿಗುವುದಿಲ್ಲ.

ಅನುಭವದ ಒಂದು ಮಾತು. ಶುರುವಿನಲ್ಲಿ ನಾನು ಸಿಪಿಯು 80 ಪರ್ಸೆಂಟ್ ದಾಟಿದರೆ ಮೆಸೇಜ್ ಅಂತ ಇಟ್ಟಿದ್ದೆ. ರಾತ್ರಿ ಬ್ಯಾಕಪ್ ಹೊತ್ತಿಗೆ ದಿನಾ ಬರುತ್ತಿತ್ತು. ಎರಡು ವಾರದಲ್ಲಿ ನಾವು ನಾಲ್ಕೂ ಜನ ಆ ಗುಂಪನ್ನು ಮ್ಯೂಟ್ ಮಾಡಿದ್ದೆವು. ಮೂರನೇ ವಾರ ನಿಜವಾಗಿಯೂ ಸರ್ವರ್ ಬಿತ್ತು, ಯಾರೂ ನೋಡಲಿಲ್ಲ. ಮೆಸೇಜ್ ಬಂದರೆ ನೀವು ಎದ್ದು ಏನಾದರೂ ಮಾಡುತ್ತೀರಾ? ಹೌದು ಅನ್ನೋದಾದರೆ ಮಾತ್ರ ಇಡಿ.

ಗ್ರಂಥಪಾಲಕಿ:

ನಾನು ಬೇರೆ ಕಾಲೇಜಿನ ಲೈಬ್ರರಿಯನ್, ಸರ್ವರ್ ಒಳಗಿನ ವಿಷಯ ಅಷ್ಟು ಗೊತ್ತಿಲ್ಲ. ನನ್ನದು ಒಂದೇ ಕೋರಿಕೆ. ಆ ಟೆಲಿಗ್ರಾಂ ಗುಂಪಿಗೆ ನಿಮ್ಮ ಮೇಡಂ ಅವರನ್ನೂ ಸೇರಿಸಿ. ಹುಡುಕಾಟ ನಿಂತಿದೆ ಅಂತ ಎಂಟು ಗಂಟೆಗೇ ಗೊತ್ತಾದರೆ ನಾವು ರಿಜಿಸ್ಟರ್ ಪುಸ್ತಕ ತೆಗೆದು ಇಟ್ಟುಕೊಳ್ತೀವಿ. ಮಕ್ಕಳ ಮುಂದೆ ನಿಂತಾಗ ಗೊತ್ತಾಗುವುದು ಬಹಳ ಕಷ್ಟ ಸರ್.

ರಾತ್ರಿಪಾಳಿ:

ಬ್ಯಾಕಪ್ ವಿಷಯ ಬಿಟ್ಟೇ ಹೋಯ್ತು. ಅದಕ್ಕೂ ಒಂದು ಪುಶ್ ಮಾಡಿ, ಅವಧಿ 26 ಗಂಟೆ. ಸ್ಕ್ರಿಪ್ಟ್‌ನ ಕಟ್ಟಕಡೆಯ ಸಾಲಿನಲ್ಲಿ, ಎಲ್ಲಾ ಸರಿ ಇದ್ದರೆ ಮಾತ್ರ ಕರೆಯಬೇಕು. ಡಂಪ್ ಅನ್ನು ಪೈಪ್ ಮಾಡಿ ಜಿಜಿಪ್‌ಗೆ (ಫೈಲ್ ಕುಗ್ಗಿಸುವ ಸಾಧನ) ಕೊಡುತ್ತಿದ್ದರೆ ಸ್ಕ್ರಿಪ್ಟ್‌ನ ಮೇಲ್ಗಡೆ ಪೈಪ್‌ಫೇಲ್ ಸೆಟ್ಟಿಂಗ್ ಹಾಕಿ. ಅದಿಲ್ಲದಿದ್ದರೆ ಡಂಪ್ ಸೋತರೂ ಜಿಜಿಪ್ ಗೆದ್ದೆ ಅನ್ನುತ್ತದೆ, 20 ಬೈಟ್‌ನ ಖಾಲಿ ಫೈಲ್ ಕೂತಿರುತ್ತದೆ. ಫೈಲ್‌ನ ಗಾತ್ರ ನಿನ್ನೆಯದಕ್ಕಿಂತ ತೀರಾ ಕಡಿಮೆ ಇದ್ದರೂ ಕರೆಯಬಾರದು. ಎಸ್‌ಎಂಎಸ್ ಬೇಕು ಅಂತ ಪ್ರಿನ್ಸಿಪಾಲರು ಕೇಳಬಹುದು. ಅದಕ್ಕೆ ಡಿಎಲ್‌ಟಿ (ಸಂಸ್ಥೆಗಳು ಎಸ್‌ಎಂಎಸ್ ಕಳಿಸಲು ಇರುವ ವ್ಯವಸ್ಥೆ) ನೋಂದಣಿ, ಟೆಂಪ್ಲೇಟ್ ಒಪ್ಪಿಗೆ ಎಲ್ಲಾ ಬೇಕು. ಟೆಲಿಗ್ರಾಂ ಬಾಟ್ ಹತ್ತು ನಿಮಿಷದ ಕೆಲಸ.

ಲ್ಯಾಬ್‌ಶಿರಸಿ:

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನ ಆಯ್ತು, ಆದದ್ದನ್ನು ಹೇಳ್ತೀನಿ.

ಎರಡೂ ಕುಮಾ ಓಡುತ್ತಿವೆ. ಡಿಸ್ಕ್‌ಗೆ ಹನ್ನೆರಡು ಸಾಲಿನ ಸ್ಕ್ರಿಪ್ಟ್ ಬರೆದೆ. ಖಾಲಿ ಜಾಗ 20 ಪರ್ಸೆಂಟ್‌ಗಿಂತ ಕೆಳಗೆ ಬಂದರೆ ಅದೇ ಪುಶ್ ವಿಳಾಸಕ್ಕೆ "ಡೌನ್" ಅಂತ, ಎಷ್ಟು ಜಿಬಿ ಉಳಿದಿದೆ ಅನ್ನೋದನ್ನೂ ಸೇರಿಸಿ ಕಳಿಸುತ್ತದೆ. ಹಳೇ ಡಂಪ್‌ಗಳನ್ನು ಬೇರೆ ಡಿಸ್ಕ್‌ಗೆ ಸಾಗಿಸಿದೆ. ನಂಬಿಕೆ ಬರಲಿ ಅಂತ ಶುಕ್ರವಾರ ಸಂಜೆ ಲೈಬ್ರರಿ ಮುಚ್ಚಿದ ಮೇಲೆ ಬೇಕಂತಲೇ 25 ಜಿಬಿಯ ಒಂದು ಸುಳ್ಳು ಫೈಲ್ ಮಾಡಿ ಕೂತೆ. ಏಳನೇ ನಿಮಿಷಕ್ಕೆ ನನ್ನ ಫೋನ್, ಮೇಡಂ ಫೋನ್ ಎರಡೂ ಒಟ್ಟಿಗೆ ಟಿಣ್ ಅಂದವು. ಮೇಡಂ ಕಪಾಟಿಗೆ ಬೀಗ ಹಾಕುತ್ತಿದ್ದವರು ಹಾಗೇ ತಿರುಗಿ ನೋಡಿದರು. ಅವರ ಮುಖದಲ್ಲಿ ಸಮಾಧಾನ ಕಂಡಾಗ ನನಗೂ ಭಾರ ಇಳಿಯಿತು.

ಒಂದು ತೊಂದರೆ ಉಳಿದಿದೆ. ಇಲ್ಲಿ ಮಳೆ ಜೋರು, ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುತ್ತದೆ. ಕೋಹಾ ಸರ್ವರ್‌ಗೆ ಯುಪಿಎಸ್ ಇದೆ, ಹಳೇ ಪಿಸಿಗೆ ಇಲ್ಲ. ಕರೆಂಟ್ ಬಂದರೂ ಅದು ತಾನಾಗಿ ಆನ್ ಆಗುತ್ತಿಲ್ಲ. ಬಯಾಸ್‌ನಲ್ಲಿ (ಪಿಸಿಯ ಮೂಲ ಸೆಟ್ಟಿಂಗ್‌ಗಳ ಜಾಗ) ಕರೆಂಟ್ ಬಂದ ಕೂಡಲೇ ಆನ್ ಆಗು ಅಂತ ಇಟ್ಟಿದ್ದೆ. ಮಾರನೇ ದಿನ ನೋಡಿದರೆ ಆ ಸೆಟ್ಟಿಂಗ್ ಮತ್ತೆ ಹಳೇ ಥರ ಆಗಿದೆ. ಗಡಿಯಾರವೂ 2012ಕ್ಕೆ ಹೋಗಿ ಕೂತಿದೆ.

ರಾತ್ರಿಪಾಳಿ:

ಮದರ್‌ಬೋರ್ಡ್ ಮೇಲಿನ ಸೆಲ್ ಸತ್ತಿದೆ ಸರ್. ದುಂಡಗಿನ ನಾಣ್ಯದ ಥರ ಇರುತ್ತದೆ, ಸಿಆರ್ 2032 ಅಂತ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು ಅದನ್ನು ಬದಲಿಸಿ, ಬಯಾಸ್‌ನಲ್ಲಿ ಇನ್ನೊಮ್ಮೆ ಇಡಿ. ಆಮೇಲೆ ಮೆಯಿನ್ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಹಾಕಿ ನೋಡಿ. ಸಾಧ್ಯವಾದರೆ ಆ ಪಿಸಿಯನ್ನೂ ಅದೇ ಯುಪಿಎಸ್‌ಗೆ ಸೇರಿಸಿ. ಸ್ಕ್ರೀನ್, ಕೀಬೋರ್ಡ್ ಕಿತ್ತಿಟ್ಟರೆ ಲೋಡ್ ಜಾಸ್ತಿ ಆಗುವುದಿಲ್ಲ.

ಲ್ಯಾಬ್‌ಶಿರಸಿ:

ಸೆಲ್ ಬದಲಿಸಿದೆ. ಮೂರು ಸಲ ಸ್ವಿಚ್ ತೆಗೆದು ಹಾಕಿದೆ, ಮೂರೂ ಸಲ ತಾನಾಗಿ ಎದ್ದಿತು.