ಡಿಲೀಟ್, ಟ್ರಂಕೇಟ್, ಡ್ರಾಪ್: ಮೂರಕ್ಕೂ ‘ಅಳಿಸು’ ಸಾಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೋಮವಾರದೊಳಗೆ ಕೆಲವು ಪದ ಬೇಕು. ಇಷ್ಟು ದಿನ ಲೆಕ್ಕದ ವಿಭಾಗದಲ್ಲಿದ್ದೆ. ಈಗ ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದ್ದಾರೆ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ತಂತ್ರಾಂಶ ಕಲಿಯುತ್ತಿದ್ದೇನೆ. ನನ್ನ ಜೊತೆ ಬಂದವರೂ ಕನ್ನಡ ಮಾಧ್ಯಮದವರೇ. ಗೋಡೆಗೆ ಅಂಟಿಸಲು ಕನ್ನಡದ ಒಂದು ಹಾಳೆ ಮಾಡೋಣ ಅಂತ ಹೊರಟೆ. ಅನುವಾದದ ತಂತ್ರಾಂಶಕ್ಕೆ ಹಾಕಿದರೆ ಡಿಲೀಟ್, ಟ್ರಂಕೇಟ್, ಡ್ರಾಪ್ ಮೂರು ಆಜ್ಞೆಗಳಿಗೂ ‘ಅಳಿಸು’ ಅಂತ ಕೊಟ್ಟಿತು. ನಲ್‌ಗೆ ‘ಶೂನ್ಯ’. ಬ್ಯಾಕಪ್, ರೆಪ್ಲಿಕಾ ಎರಡಕ್ಕೂ ‘ಪ್ರತಿ’. ಪ್ರೈಮರಿ ಕೀಗೆ ‘ಪ್ರಾಥಮಿಕ ಕೀಲಿ’. ಇದನ್ನು ಗೋಡೆಗೆ ಹಚ್ಚಲು ಭಯವಾಗುತ್ತಿದೆ. ಕಮಿಟ್, ರೋಲ್‌ಬ್ಯಾಕ್, ಲಾಗ್ ಇವಕ್ಕೂ ಹೇಳಿ.

ಉತ್ತರ 1

ಮೊದಲು ‘ಡೇಟಾಬೇಸ್’ ಬಿಡಿ. ‘ದತ್ತಾಂಶ’ ಇದೆ, ‘ದತ್ತಸಂಚಯ’ ಇದೆ. ಲ್ಯಾಟಿನ್ನಿನ ಡೇಟಾ ಅಂದರೆ ‘ಕೊಟ್ಟದ್ದು’. ಸಂಸ್ಕೃತದ ದತ್ತ ಅಂದರೂ ‘ಕೊಟ್ಟದ್ದು’. ಎರಡೂ ಒಂದೇ ಬೇರಿನವು. ಇಷ್ಟು ಚೆನ್ನಾಗಿ ಕೂಡುವ ಜೋಡಿ ಇನ್ನೊಂದಿಲ್ಲ. ಮನೆಯಲ್ಲೇ ಪದ ಇರುವಾಗ ಇಂಗ್ಲಿಷಿಗೆ ಕೈ ಚಾಚುವುದು ಸೋಮಾರಿತನ.

ಉತ್ತರ 2

ಕೇಳಿದ್ದು ‘ಅಳಿಸು’ ಬಗ್ಗೆ, ‘ಡೇಟಾ’ ಬಗ್ಗೆ ಅಲ್ಲ. ಇನ್ನು ದತ್ತವೂ ಸಾಲದ ಪದವೇ. ಸಂಸ್ಕೃತದಿಂದ ತಂದ ಸಾಲ ಸಾಲವೇ ಅಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ‘ತಿಳಿಕಣಜ’ ಅನ್ನಿ, ಹಳ್ಳಿಯವರಿಗೂ ತಿಳಿಯುತ್ತದೆ.

ಉತ್ತರ 3

‘ತಿಳಿಕಣಜ’ ಅಂದರೆ ಈ ಕೆಲಸ ಮಾಡುವ ಯಾರಿಗೂ ತಿಳಿಯುವುದಿಲ್ಲ. ಡೇಟಾಬೇಸ್ ಅಂತಲೇ ಇರಲಿ. ನಾನೂ ಇದೇ ಕೆಲಸದವನು. ಸೋಮವಾರದ ಹಾಳೆಗೆ ಬೇಕಾದಷ್ಟು ಹೇಳುತ್ತೇನೆ.

ಆ ಮೂರನ್ನು ಯಾವ ಕಾರಣಕ್ಕೂ ಒಂದೇ ಪದದಲ್ಲಿ ಹೇಳಬೇಡಿ. ಡಿಲೀಟ್ ಸಾಲುಗಳನ್ನು ತೆಗೆಯುತ್ತದೆ, ಶರತ್ತು ಕೊಟ್ಟರೆ ಆ ಸಾಲುಗಳನ್ನು ಮಾತ್ರ. ಅದು ‘ಅಳಿಸು’. ಟ್ರಂಕೇಟ್ ಕೋಷ್ಟಕವನ್ನು ಉಳಿಸಿ ಒಳಗಿನದ್ದನ್ನೆಲ್ಲ ಒಮ್ಮೆಗೇ ತೆಗೆಯುತ್ತದೆ. ಅದು ‘ಬರಿದು ಮಾಡು’. ಡ್ರಾಪ್ ಕೋಷ್ಟಕವನ್ನೇ ಇಲ್ಲವಾಗಿಸುತ್ತದೆ. ಅದು ‘ಕಿತ್ತುಹಾಕು’. ಪೋಸ್ಟ್‌ಗ್ರೆಸ್‌ನಲ್ಲಿ ಮೊದಲು ಬಿಗಿನ್ ಅನ್ನುವ ಆಜ್ಞೆ ಹಾಕಿ ಶುರು ಮಾಡಿದ್ದರೆ, ಕಮಿಟ್ ಹಾಕಿ ಖಾಯಂ ಮಾಡುವ ತನಕ ಈ ಮೂರನ್ನೂ ರೋಲ್‌ಬ್ಯಾಕ್ ಮಾಡಬಹುದು, ಅಂದರೆ ಮೊದಲಿದ್ದ ಹಾಗೆ ಮಾಡಬಹುದು. ಬಿಗಿನ್ ಹಾಕದಿದ್ದರೆ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಟೈಪ್ ಮಾಡುವ ಉಪಕರಣ) ಪ್ರತಿ ಆಜ್ಞೆಯನ್ನೂ ಆಗಿಂದಾಗಲೇ ಖಾಯಂ ಮಾಡಿಬಿಡುತ್ತದೆ. ಒರಾಕಲ್, ಮೈಎಸ್‌ಕ್ಯೂಎಲ್ ಅನ್ನುವ ಬೇರೆ ಡೇಟಾಬೇಸ್‌ಗಳಲ್ಲಿ ಟ್ರಂಕೇಟ್ ತಾನೇ ಕಮಿಟ್ ಮಾಡಿಕೊಳ್ಳುತ್ತದೆ, ಅಲ್ಲಿ ರೋಲ್‌ಬ್ಯಾಕ್ ಕೆಲಸಕ್ಕೆ ಬರುವುದಿಲ್ಲ. ‘ಅಳಿಸು’ ಅಂತ ಓದಿ ಹೊಸಬ ಟ್ರಂಕೇಟ್ ಒತ್ತಿದರೆ ತಪ್ಪು ಅವನದಲ್ಲ, ಹಾಳೆಯದು.

ಕಮಿಟ್‌ಗೆ ‘ಬದ್ಧತೆ’ ಅಂತ ಬರೆದವರನ್ನು ನೋಡಿದ್ದೇನೆ. ಅರ್ಥವೇ ಕೆಟ್ಟಿತು. ‘ಖಾಯಂ ಮಾಡು’ ಅನ್ನಿ. ರೋಲ್‌ಬ್ಯಾಕ್‌ಗೆ ‘ರದ್ದು ಮಾಡು’. ಖಾಯಂ ಆದದ್ದು ರದ್ದಾಗುವುದಿಲ್ಲ ಅಂತ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿ.

ನಲ್ ಶೂನ್ಯವಲ್ಲ. ಶೂನ್ಯ ಒಂದು ಬೆಲೆ. ನಲ್ ಅಂದರೆ ಬೆಲೆ ಏನೂ ಬರೆದಿಲ್ಲ ಅಂತ. ಒಂದು ನಲ್ ಇನ್ನೊಂದು ನಲ್‌ಗೆ ಸಮ ಕೂಡ ಅಲ್ಲ. ‘ನಮೂದಿಲ್ಲ’ ಅಂದರೆ ಸರಿಹೋಗುತ್ತದೆ.

ಪ್ರೈಮರಿ ಕೀ ಯಾವ ಬೀಗವನ್ನೂ ತೆಗೆಯುವುದಿಲ್ಲ, ಇದು ಯಾವ ಸಾಲು ಅಂತ ಗುರುತಿಸುತ್ತದೆ ಅಷ್ಟೆ. ಪಹಣಿ ನೋಡಿ. ಸರ್ವೆ ನಂಬರ್ ಒಂದು ಅಂದರೆ ಯಾವ ಜಮೀನು? ಊರೂರಿಗೂ ಒಂದನೇ ನಂಬರ್ ಇದೆ. ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲ ಸೇರಿದಾಗಲೇ ಅದು ಯಾವ ತುಂಡು ಅಂತ ಗೊತ್ತಾಗುವುದು. ಹಾಗಾಗಿ ‘ಮೂಲ ಗುರುತು’. ಇನ್ನೊಂದು ಕೋಷ್ಟಕದ ಸಾಲನ್ನು ತೋರಿಸುವ ಫಾರಿನ್ ಕೀಗೆ ‘ಪರಕೀಯ ಕೀಲಿ’ ಬೇಡವೇ ಬೇಡ, ‘ಕೊಂಡಿ ಗುರುತು’ ಸಾಕು. ರೋಗೆ ಅಡ್ಡಸಾಲು, ಕಾಲಂಗೆ ಕಂಬಸಾಲು, ಶಾಲೆಯ ಗಣಿತದಲ್ಲೇ ಇವೆ.

ಬ್ಯಾಕಪ್, ರೆಪ್ಲಿಕಾ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ರೆಪ್ಲಿಕಾ ಅಂದರೆ ಮುಖ್ಯ ಯಂತ್ರದಲ್ಲಿ ಆದ ಬದಲಾವಣೆಯೆಲ್ಲ ತನ್ನಲ್ಲೂ ಮಾಡಿಕೊಳ್ಳುತ್ತಾ ಹೋಗುವ ಇನ್ನೊಂದು ಯಂತ್ರ. ಮುಖ್ಯ ಯಂತ್ರದಲ್ಲಿ ಕೋಷ್ಟಕ ಕಿತ್ತುಹಾಕಿದರೆ ರೆಪ್ಲಿಕಾದಲ್ಲೂ ಅದು ಹೋಗುತ್ತದೆ. ಬ್ಯಾಕಪ್‌ನಲ್ಲಿ ಉಳಿದಿರುತ್ತದೆ. ಎರಡನ್ನೂ ‘ಪ್ರತಿ’ ಅಂದರೆ ಹೊಸಬರು ರೆಪ್ಲಿಕಾ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಇರುತ್ತಾರೆ. ರೆಪ್ಲಿಕಾಗೆ ‘ಜೊತೆ ಯಂತ್ರ’, ಬ್ಯಾಕಪ್‌ಗೆ ‘ಮೀಸಲು ಪ್ರತಿ’ ಅನ್ನಿ. 2017ರ ಜನವರಿ 31ರಂದು ತಂತ್ರಾಂಶದ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನಲ್ಲಿ ಜೊತೆ ಯಂತ್ರ ಅಂದುಕೊಂಡು ಮುಖ್ಯ ಯಂತ್ರದ ಡೇಟಾವನ್ನೇ ಅಳಿಸಿದರು. ದಿನವೂ ಆಗಬೇಕಿದ್ದ ಮೀಸಲು ಪ್ರತಿ ಆಗಿರಲೇ ಇಲ್ಲ. ಅಲ್ಲಿನ ಸರ್ವರ್ ಪೋಸ್ಟ್‌ಗ್ರೆಸ್ 9.6, ಪ್ರತಿ ತೆಗೆಯುವ ಉಪಕರಣ 9.2ರದ್ದು, ಎರಡೂ ಹೊಂದದೆ ಪ್ರತಿ ತೆಗೆಯುವುದೇ ನಿಂತಿತ್ತು. ಸುಮಾರು ಆರು ಗಂಟೆಗಳ ಡೇಟಾ ಹೋಯಿತು. ಈ ಎಲ್ಲವನ್ನೂ ಅವರೇ ಬಹಿರಂಗವಾಗಿ ಬರೆದು ಹಾಕಿದ್ದಾರೆ. ನಿಮ್ಮ ಹಾಳೆಯಲ್ಲಿ ‘ಮೀಸಲು ಪ್ರತಿ ತೆಗೆದೆವೇ’ ಅಂತ ಮಾತ್ರ ಬೇಡ, ‘ಅದರಿಂದ ಡೇಟಾ ವಾಪಸ್ ತುಂಬಿ ನೋಡಿದೆವೇ’ ಅಂತಲೂ ಇರಲಿ.

ಲಾಗ್‌ಗೆ ‘ದಿನವಹಿ’ ಹಾಕಿ. ನೀವು ಲೆಕ್ಕದ ಕಡೆಯವರು, ಮೊದಲು ದಿನವಹಿ, ಆಮೇಲೆ ಖಾತೆ ಅನ್ನುವುದು ನಿಮಗೆ ಗೊತ್ತು. ಪೋಸ್ಟ್‌ಗ್ರೆಸ್ ಕೂಡ ಬದಲಾವಣೆಯನ್ನು ಮೊದಲು ಲಾಗ್‌ಗೆ ಬರೆದು ಆಮೇಲೆ ಕೋಷ್ಟಕದ ಕಡತಕ್ಕೆ ಸೇರಿಸುತ್ತದೆ. ನಡುವೆ ಕರೆಂಟ್ ಹೋದರೆ ಲಾಗ್ ನೋಡಿ ಸರಿಮಾಡಿಕೊಳ್ಳುತ್ತದೆ.

ಉತ್ತರ 1, ಮತ್ತೆ

ಖಾಯಂ ಅರಬ್ಬಿ, ರದ್ದು ಅರಬ್ಬಿ, ನಮೂದು ಪಾರ್ಸಿ. ಇದೇನಾ ಕನ್ನಡದ ಹಾಳೆ? ಸ್ಥಿರೀಕರಣ, ನಿರಸನ ಅನ್ನಬಹುದಿತ್ತು.

ಉತ್ತರ 3

‘ನಿರಸನ’ ಓದಿ ರಾತ್ರಿ ಪಾಳಿಯ ಹುಡುಗ ಏನು ಮಾಡಬೇಕು? ಅರ್ಜಿ, ದಾಖಲೆ, ನಕಲು, ಜಮಾ, ಖರ್ಚು, ತಹಶೀಲ್ದಾರ್ ಇವನ್ನೆಲ್ಲ ತೆಗೆದರೆ ತಾಲ್ಲೂಕು ಕಚೇರಿಯಲ್ಲಿ ಒಂದು ಸಾಲೂ ಬರೆಯಲಾಗುವುದಿಲ್ಲ. ರೈತರು ‘ಪಹಣಿ ನಕಲು’ ಅಂತಲೇ ಕೇಳುತ್ತಾರೆ. ಆ ಪದಗಳು ಬಂದದ್ದು ಎಲ್ಲಿಂದಲಾದರೂ ಆಗಲಿ, ಅವುಗಳಿಗೆ ಕನ್ನಡದ ವಿಭಕ್ತಿ ಹತ್ತಿ ಎಷ್ಟೋ ತಲೆಮಾರು ಆಯಿತು.

ಉತ್ತರ 2

ಇದಕ್ಕೆ ನನ್ನದೂ ಒಪ್ಪಿಗೆ. ಆದರೆ ನಿಮ್ಮ ವಾದದಲ್ಲೂ ಒಂದು ತೊಡಕಿದೆ. ಬಳಕೆ ಅಂತ ಎಲ್ಲವನ್ನೂ ಬಿಟ್ಟುಕೊಟ್ಟರೆ ಹೊಸ ಪದ ಹುಟ್ಟುವುದೇ ಇಲ್ಲ. ‘ಕಡತ’ವನ್ನೇ ನೋಡಿ. ಇದ್ದಿಲು, ಹುಣಸೆಬೀಜದ ಅಂಟು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದು ಮಡಚಿಡುತ್ತಿದ್ದ ಲೆಕ್ಕಕ್ಕೆ ಆ ಹೆಸರಿತ್ತು. ಯಾರೋ ಅದನ್ನು ಫೈಲ್‌ಗೆ ಹಚ್ಚಿದರು, ನಿಂತಿತು. ಹಾಗೆ ಹಚ್ಚುವ ಧೈರ್ಯವೂ ಬೇಕು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಅಳಿಸು, ಬರಿದು ಮಾಡು, ಕಿತ್ತುಹಾಕು, ಖಾಯಂ, ರದ್ದು, ನಮೂದಿಲ್ಲ, ಜೊತೆ ಯಂತ್ರ, ಮೀಸಲು ಪ್ರತಿ ಎಲ್ಲ ಸೇರಿಸಿದೆ. ದಿನವಹಿ ನಮ್ಮವರಿಗೆ ಬಹಳ ಹಿಡಿಸಿತು. ಪಕ್ಕದಲ್ಲಿ ಇಂಗ್ಲಿಷ್ ಆಜ್ಞೆಯನ್ನೂ ಹಾಕಿದ್ದೇನೆ, ಟೈಪ್ ಮಾಡಬೇಕಾದ್ದು ಅದನ್ನೇ ಅಲ್ವಾ. ಒಬ್ಬರು ಡ್ರಾಪ್‌ಗೆ ‘ಕೆಡವು’ ಚಿಕ್ಕದು, ಅದನ್ನೇ ಹಾಕಿ ಅನ್ನುತ್ತಿದ್ದಾರೆ.

ಉತ್ತರ 3

ಬೇಡ. ಕೆಡವಿದ ಮನೆಯ ಕಲ್ಲು, ಮರ ಅಲ್ಲೇ ಬಿದ್ದಿರುತ್ತವೆ. ಡ್ರಾಪ್ ಆದಮೇಲೆ ಏನೂ ಇರುವುದಿಲ್ಲ. ‘ಕಿತ್ತುಹಾಕು’ ಇರಲಿ.