ತಲೇಲಿ ಆಗೋ ಇಸುಬಿಗೆ ನಿಮ್ಮ ಕಡೆ ಏನಂತೀರಿ?

ಎಲ್ರಿಗೂ ನಮಸ್ಕಾರ. ಮಂಡ್ಯದಲ್ಲಿ ಮೆಡಿಕಲ್ ಸ್ಟೋರಲ್ಲಿ ಕೆಲಸ ಮಾಡ್ತೀನಿ, ಒಂದು ಪದದ ಬಗ್ಗೆ ಕೇಳ್ಬೇಕಿತ್ತು. ಚರ್ಮ ಕೆಂಪಗಾಗಿ ಕೆರೆಯೋ ಎಕ್ಸಿಮಾಗೆ ಇಸುಬು ಅನ್ನೋ ಮಾತಿದೆಯಲ್ಲ, ನಮ್ಮ ಕಡೆ ವಯಸ್ಸಾದೋರು ಈಗ್ಲೂ ಅಂತಾರೆ, ಆದ್ರೆ ಕೈಲೋ ಕಾಲಲ್ಲೋ ಆದ್ರೆ ಮಾತ್ರ. ಅದೇ ತಲೇಲಿ ಆದ್ರೆ ಹೊಟ್ಟು, ಜಾಸ್ತಿಯಾದ್ರೆ ಕಜ್ಜಿ, ಕೆಲವ್ರು ಹುಳುಕಡ್ಡಿ ಅಂತ್ಲೂ ಅಂದ್ಬಿಡ್ತಾರೆ.

ಈ ಹೆಸರಿಂದ ತೊಂದ್ರೆ ಆಗ್ತಿದೆ, ಅದಕ್ಕೇ ಕೇಳ್ತಿರೋದು. ಮದ್ದೂರು ಕಡೆಯ ಹೆಣ್ಮಗಳೊಬ್ರು ಬಂದಿದ್ರು, ಕಿವಿ ಹಿಂದೆ ಕೆಂಪಗಾಗಿ, ಕೂದಲ ಬುಡದಲ್ಲಿ ಹಳದಿ ಜಿಡ್ಡು ಚಕ್ಕೆ ಅಂಟ್ಕೊಂಡಿತ್ತು, ಹುಬ್ಬಲ್ಲೂ ಮೂಗಿನ ಪಕ್ಕದಲ್ಲೂ ಅದೇ. ಡಾಕ್ಟ್ರು ಸೆಬೊರಿಕ್ ಡರ್ಮಟೈಟಿಸ್ ಅಂತ ಬರ್ದಿದಾರೆ, ಅಂದ್ರೆ ನಾನು ಕೇಳ್ತಿರೋ ತಲೆಯ ಇಸುಬೇ, ಮನೇಲಿ ಮಾತ್ರ ಕಜ್ಜಿ ಅಂತ ದಿಂಬು ಟವೆಲ್ ಎಲ್ಲಾ ಬೇರೆ ಇಟ್ಟು, ಮಗೂನ ಪಕ್ಕದಲ್ಲಿ ಮಲಗಿಸ್ಕೊಳಕ್ಕೂ ಬಿಡಲ್ವಂತೆ. ಕೇಳಿ ತುಂಬಾ ಬೇಜಾರಾಯ್ತು, ಯಾಕಂದ್ರೆ ಇದು ಒಬ್ರಿಂದ ಒಬ್ರಿಗೆ ಅಂಟೋದೇ ಅಲ್ಲ. ಮಲಸೇಜಿಯಾ ಅನ್ನೋ ಈಸ್ಟ್, ಅಂದ್ರೆ ಒಂಥರಾ ಶಿಲೀಂಧ್ರ, ಎಲ್ಲರ ಚರ್ಮದ ಮೇಲೂ ಇರುತ್ತೆ, ಎಣ್ಣೆ ಗ್ರಂಥಿ ಜಾಸ್ತಿ ಇರೋ ಕಡೆ ಬೆಳೆಯುತ್ತೆ, ಕೆಲವ್ರ ಚರ್ಮ ಅದಕ್ಕೆ ಸಿಡುಕುತ್ತೆ ಅಷ್ಟೆ. ರಾತ್ರಿಯೆಲ್ಲ ಎಣ್ಣೆ ಹಾಕ್ಕೊಂಡು ಮಲಗಿದ್ರೆ ಕೆಲವ್ರಿಗೆ ಇನ್ನೂ ಕೆರಳುತ್ತೆ. ಸಾಮಾನ್ಯವಾಗಿ ಈ ಈಸ್ಟನ್ನ ಹತೋಟಿಗೆ ತರೋ 2% ಕೀಟೊಕೊನಜೋಲ್ ಶಾಂಪೂ ಬರ್ಕೊಡ್ತಾರೆ, ವಾರಕ್ಕೆ 2 ಸಲ, ಹಚ್ಚಿ 3ರಿಂದ 5 ನಿಮಿಷ ಬಿಟ್ಟು ತೊಳೀಬೇಕು, ಎಷ್ಟೋ ಜನ ಹಚ್ಚಿದ ತಕ್ಷಣ ತೊಳ್ಕೊಂಡ್ಬಿಟ್ಟು ಔಷಧಿ ಹಿಡೀಲಿಲ್ಲ ಅಂತಾರೆ. ಪೂರ್ತಿ ವಾಸಿಯಾಗಿ ಹೋಗೋದಲ್ಲ, ಬಂದು ಹೋಗಿ ಮಾಡುತ್ತೆ, ಹತೋಟೀಲಿ ಇಟ್ಕೋಬಹುದು.

ತಲೇಲಿ ಆಗೋ ಹುಳುಕಡ್ಡಿ ಬೇರೇನೇ, ಹೆಚ್ಚಾಗಿ ಮಕ್ಕಳಿಗೆ, ಕೂದಲು ಮುರಿದು ಅಲ್ಲಲ್ಲಿ ಬೋಳಾಗುತ್ತೆ, ಅದು ಅಂಟುತ್ತೆ, ಡಾಕ್ಟ್ರು ಕೊಟ್ಟ ಮಾತ್ರೆ ನುಂಗ್ಲೇಬೇಕು. ಅದಕ್ಕೆ ಇಸುಬಿನ ಸ್ಟೀರಾಯ್ಡ್ ಮುಲಾಮು ಹಚ್ಚಿದ್ರೆ ಕೆಂಪು ಕಮ್ಮಿಯಾದಂಗೆ ಕಂಡು ಒಳಗೊಳಗೇ ಹರಡುತ್ತೆ. ಹೆಸರು ಅದಲು ಬದಲಾದ್ರೆ ಔಷಧೀನೂ ಅದಲು ಬದಲಾಗುತ್ತೆ ನೋಡಿ.

ಅಂಗಡಿ ಮುಂದೆ ಒಂದು ಚೀಟಿ ಬರ್ದು ಅಂಟಿಸ್ಬೇಕು ಅಂತಿದೀನಿ. ಹೊಟ್ಟು ಅಂದ್ರೆ ಡಾಕ್ಟ್ರ ಹತ್ರ ಹೋಗಲ್ಲ, ಕಜ್ಜಿ ಅಂದ್ರೆ ಹೆದರ್ತಾರೆ. ತಲೆ ಇಸುಬು ಅಂತ ಬರೆದ್ರೆ ಹುಣಸೂರು, ನಂಜನಗೂಡು ಕಡೆಯೋರಿಗೆ ಅರ್ಥ ಆಗುತ್ತಾ? ಎಳೆ ಮಕ್ಕಳ ನೆತ್ತಿ ಮೇಲೆ ಕಟ್ಟೋ ಜಿಡ್ಡು ಪದರಾನೂ ಇದೇ ಜಾತಿದು, ಅದಕ್ಕೆ ನಿಮ್ಮನೆ ಅಜ್ಜಿ ಅಮ್ಮಂದಿರು ಏನಂತಿದ್ರು ಅಂತ್ಲೂ ಕೇಳಿ ತಿಳಿಸಿ, ಊರು ಯಾವ್ದು ಅಂತ ಸೇರಿಸಿ ಬರೀರಿ ದಯವಿಟ್ಟು.