ಆಲೆಮನೆ ಒಳಗೆ 120 ಅಳತೆಯ ಫಿಲಂ ರೋಲ್: ಬೆಳಕಿನ ಲೆಕ್ಕ ಹೇಗೆ?

ಕೆರಗೋಡು ಹೈದ

ನಮಸ್ಕಾರ ಎಲ್ರಿಗೂ. ಮಂಡ್ಯದ ಹತ್ರ ನಮ್ ಚಿಕ್ಕಪ್ಪಂದು ಒಂದು ಆಲೆಮನೆ ಇದೆ. ಈ ಸಲ ಗಾಣ ಶುರುವಾದಾಗಿಂದ ಅಲ್ಲಿ ಫಿಲಂನಲ್ಲಿ ಫೋಟೊ ತೆಗೀಬೇಕು ಅಂತ ತಲೇಲಿ ಕೂತ್ಬಿಟ್ಟಿದೆ. ಕ್ಯಾಮೆರಾ ಯಾಶಿಕಾ-ಮ್ಯಾಟ್ 124ಜಿ, ಮೇಲೊಂದು ಕೆಳಗೊಂದು ಲೆನ್ಸ್ ಇರೋ ಹಳೇದು, ಮೈಸೂರಲ್ಲಿ ಸ್ಟುಡಿಯೋ ಮುಚ್ಚಿದವರೊಬ್ಬರ ಹತ್ರ ತಗೊಂಡಿದ್ದು. ಲೆನ್ಸ್ ಕ್ಲೀನಾಗಿದೆ, ಫಂಗಸ್ ಇಲ್ಲ. ಕರಿಘಟ್ಟ, ಶ್ರೀರಂಗಪಟ್ಟಣದ ಹೊಳೆ ಕಡೆ ಬಿಸಿಲಲ್ಲಿ ತೆಗೆದಿದ್ದೆಲ್ಲ ಚೆನ್ನಾಗೇ ಬಂದಿದೆ.

ಆಲೆಮನೆ ಕಥೆ ಬೇರೆ. ಮೇಲೆ ಶೀಟು, ಒಂದು ಕಡೆ ಮಾತ್ರ ಗೋಡೆ, ಒಳಗೆಲ್ಲ ಹೊಗೆ ಹಿಡಿದು ಕಪ್ಪು. ಒಲೆ ಬಾಯಲ್ಲಿ ಬೆಂಕಿ, ಕೊಪ್ಪರಿಗೆ ಮೇಲೆ ಆವಿ, ಆಚೆ ಬಯಲಲ್ಲಿ ಬಿಸಿಲು. ಮೊಬೈಲ್‌ನಲ್ಲಿ ಬೆಳಕು ಅಳೆಯೋ ಮೀಟರ್ ಆ್ಯಪ್ ಒಲೆ ಕಡೆ ಹಿಡಿದ್ರೆ ಒಂದು ಹೇಳುತ್ತೆ, ಗೋಡೆ ಕಡೆ ಹಿಡಿದ್ರೆ ಐದು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು ಇಲ್ಲಾ ಅರ್ಧ) ಆಚೆ ಇನ್ನೊಂದು ಹೇಳುತ್ತೆ. ಯಾವುದನ್ನ ನಂಬೋದು? ಕ್ಯಾಮೆರಾದಲ್ಲಿರೋ ಮೀಟರ್ ಮುಳ್ಳು ಅಲ್ಲಾಡಲ್ಲ, ಸೆಲ್ ಹಾಕಿಲ್ಲ.

ರೋಲ್ ಇಲ್‌ಫರ್ಡ್ ಎಚ್‌ಪಿ5 ಪ್ಲಸ್, 400 ಸ್ಪೀಡಿನ ಕಪ್ಪು-ಬಿಳುಪು ಫಿಲಂ. ಒಂದು ರೋಲ್‌ಗೆ ಸಾವಿರದ ಆಸುಪಾಸು, ಬರೋದು ಹನ್ನೆರಡೇ ಚೌಕ. 1600ಕ್ಕೆ ಪುಶ್ ಮಾಡ್ಲಾ, ಅಂದ್ರೆ ಫಿಲಂನ 1600 ಅಂತ ಲೆಕ್ಕ ಇಟ್ಟು ತೆಗೆದು, ಆಮೇಲೆ ಹೆಚ್ಚು ಹೊತ್ತು ಡೆವಲಪ್ ಮಾಡ್ಲಾ? ಟ್ರೈಪಾಡ್ ಇದೆ, ಆದ್ರೆ ಅಲ್ಲಿ ಓಡಾಡೋ ಜಾಗದಲ್ಲಿ ಮೂರು ಕಾಲು ಹರಡಿದ್ರೆ ಕೆಲಸದವರು ಬೈತಾರೆ. ಗೊತ್ತಿರೋರು ಹೇಳಿ.

ಸರಸ್ವತಿಪುರಂ 35ಎಂಎಂ

ತಲೆ ಕೆಡಿಸ್ಕೋಬೇಡಿ ಬ್ರೋ, 1600ಕ್ಕೆ ಪುಶ್ ಮಾಡಿ. ಎಚ್‌ಪಿ5 ಅದಕ್ಕೇ ಇರೋದು. ಷಟರ್ 1/60 ಸೆಕೆಂಡ್, ಲೆನ್ಸ್ ಬಾಯಿ ಎಫ್/4, ಕೈಯಲ್ಲೇ ಹಿಡ್ಕೊಂಡು ಹೊಡೀರಿ. ಕಾಳು ಕಾಳಾಗಿ ಗ್ರೇನ್ ಬಂದ್ರೆ ಬರ್ಲಿ, ಆಲೆಮನೆಗೆ ಗ್ರೇನ್ ಚೆನ್ನಾಗೇ ಕಾಣುತ್ತೆ.

ಹಳೇ ಸ್ಟುಡಿಯೋ ಮೈಸೂರು

ಕೆರಗೋಡು ಹೈದ, ಪುಶ್ ಮಾಡೋಕೆ ಮುಂಚೆ ಒಂದು ನಿಮಿಷ ನಿಂತ್ಕೋ. ನಾನು ಮದುವೆ ಛತ್ರಗಳಲ್ಲಿ ಇದೇ ಯಾಶಿಕಾ ಕತ್ತಿಗೆ ಹಾಕ್ಕೊಂಡು ಸಂಸಾರ ಮಾಡಿದವನು. ಊಟಿಯಲ್ಲಿ ತಯಾರಾಗ್ತಿದ್ದ ‘ಇಂದು’ ಅನ್ನೋ ಬ್ರ್ಯಾಂಡಿನ ಫಿಲಂ ಸಿಗ್ತಿದ್ದ ಕಾಲದಿಂದ ಹೋಮದ ಹೊಗೆಯಲ್ಲಿ ತೆಗೆದಿದ್ದೀನಿ. ಆಲೆಮನೆ ಅದರ ಅಣ್ಣ ಅಷ್ಟೇ.

ಪುಶ್ ಮಾಡಿದ್ರೆ ಬೆಳಕು ಬಿದ್ದ ಜಾಗ ನೆಗೆಟಿವ್‌ನಲ್ಲಿ ಇನ್ನೂ ದಟ್ಟ ಆಗುತ್ತೆ. ಬೆಳಕೇ ಬೀಳದೆ ಇದ್ದ ಜಾಗಕ್ಕೆ ನೀನು ಎಷ್ಟೊತ್ತು ತೊಳೆದ್ರೂ (ಡೆವಲಪ್ ಮಾಡಿದ್ರೂ) ಏನೂ ಬರಲ್ಲ, ನೆಗೆಟಿವ್ ಅಲ್ಲಿ ಗಾಜಿನ ಥರ ಖಾಲಿ ಇರುತ್ತೆ. ಸಪ್ಪೆ ಬೆಳಕಿದ್ದಾಗ ಪುಶ್ ಮಾಡಿದ್ರೆ ಅರ್ಥ ಇದೆ. ನಿನ್ನ ಆಲೆಮನೆಯಲ್ಲಿ ಕಾಂಟ್ರಾಸ್ಟ್ ಈಗಲೇ ಹೊಟ್ಟೆ ತುಂಬ ಇದೆ, ಇನ್ನಷ್ಟು ಬಡಿಸೋದು ಯಾಕೆ? ಅಲ್ಲಿ ಬೇಕಾಗಿರೋದು ಉಲ್ಟಾ. ಫಿಲಂನ 200 ಅಂತ ಲೆಕ್ಕ ಇಟ್ಕೋ, ತೊಳೆಯೋದು ಕಡಿಮೆ ಮಾಡು.

ಈಗ ಮೀಟರ್. ಒಲೆ ಕಡೆ ತಿರುಗಿಸಲೇಬೇಡ. ಬೆಂಕಿ ಬೆಳ್ಳಗೆ ಹೋದ್ರೆ ಯಾರೂ ಕೇಳಲ್ಲ, ಬೆಂಕಿ ಇರೋದೇ ಹಾಗೆ. ಪಾಕ ತಿರುವೋನ ಬೆನ್ನ ಹಿಂದಿನ ಗೋಡೆ ಇದೆಯಲ್ಲ, ಮಸಿ ಹಿಡಿದಿದ್ರೂ ಇಟ್ಟಿಗೆ ಸಾಲು ಕಾಣ್ಬೇಕು ಅಂತ ನಿನಗೆ ಅನ್ನಿಸೋ ಜಾಗ, ಅಲ್ಲಿಗೆ ಮಾತ್ರ ಆ್ಯಪ್ ಹಿಡಿ. 200ಕ್ಕೆ ಇಟ್ಟು ನೋಡಿದಾಗ ಎಫ್/4ಗೆ 1/4 ಸೆಕೆಂಡ್ ಅಂತ ತೋರಿಸ್ತು ಅಂತಿಟ್ಕೋ. ಮೀಟರ್‌ಗೆ ಏನು ತೋರಿಸಿದ್ರೂ ಅದು ನಡುಬಣ್ಣದ ಬೂದಿ ಅಂತಲೇ ತಿಳಿಯುತ್ತೆ. ಕಪ್ಪು ಗೋಡೆ ಕಪ್ಪಾಗೇ ಇರ್ಬೇಕು, ಆದ್ರೆ ಇಟ್ಟಿಗೆ ಕಾಣ್ಬೇಕು. ಹಾಗಾಗಿ ಎರಡು ಸ್ಟಾಪ್ ಇಳಿಸು: 1/8, ಆಮೇಲೆ 1/15. ಎಫ್/4, 1/15. ಮುಗೀತು. ಬೆಳಕು ಬದಲಾಗೋವರೆಗೂ ಮತ್ತೆ ಮೀಟರ್ ಮುಟ್ಟಬೇಡ. ಒಲೆಗೆ ರಚ್ಚು (ಒಣಗಿದ ಕಬ್ಬಿನ ಸಿಪ್ಪೆ) ಹಾಕಿದಾಗ ಉರಿ ಎದ್ದು ಮುಖ ಬೆಳಗುತ್ತೆ, ಅದಕ್ಕೆಲ್ಲ ರಿಂಗ್ ತಿರುಗಿಸ್ತಾ ಕೂತ್ರೆ ಫೋಟೊ ತೆಗೆಯೋದು ಯಾವಾಗ?

1/15 ಅಂದ್ರೆ ಹೆದರ್ಬೇಡ. ಇದು ಎಸ್‌ಎಲ್‌ಆರ್ ಅಲ್ಲ, ಒಳಗೆ ಕನ್ನಡಿ ಎಗರಲ್ಲ, ಲೆನ್ಸ್ ಒಳಗಿನ ಎಲೆ ಷಟರ್ ಚಿಕ್ ಅಂತ ಅಷ್ಟೇ. ಪಟ್ಟಿನ ಕತ್ತಿಗೆ ಹಾಕಿ, ಕ್ಯಾಮೆರಾನ ಹೊಟ್ಟೆ ಕಡೆಯಿಂದ ಕೆಳಕ್ಕೆ ಎಳೆದು ಹಿಡಿ, ಪಟ್ಟಿ ಬಿಗಿಯಾಗಿರ್ಬೇಕು. ಕಂಬಕ್ಕೆ ಒರಗು. ಉಸಿರು ಬಿಟ್ಟು, ಖಾಲಿ ಆದಾಗ ಒತ್ತು. ಅಲ್ಲಾಡೋದು ನೀನಲ್ಲ, ಪಾಕ ತಿರುವೋ ಕೈ. ಅದಕ್ಕೂ ದಾರಿ ಇದೆ. ಉದ್ದ ಕೋಲು ಕೊಪ್ಪರಿಗೆಯ ಅಂಚಿಗೆ ಹೋಗಿ ವಾಪಸ್ ತಿರುಗೋ ಮುಂಚೆ ಒಂದು ಗಳಿಗೆ ನಿಲ್ಲುತ್ತೆ. ಸುಮ್ನೆ ನೋಡ್ತಾ ನಿಂತ್ರೆ ಆ ತಾಳ ಗೊತ್ತಾಗುತ್ತೆ. ಆಗ ಒತ್ತು. ನೆನಪಿರಲಿ, ಸೊಂಟದ ಹತ್ರ ಹಿಡಿದು ಮೇಲಿಂದ ನೋಡೋ ಫೈಂಡರ್‌ನಲ್ಲಿ ಎಡ ಬಲ ಅದಲು ಬದಲು, ಅವನು ಆ ಕಡೆ ಹೋದ್ರೆ ಗಾಜಲ್ಲಿ ಈ ಕಡೆ ಬರ್ತಾನೆ.

ಫೋಕಸ್ಸು ಕಷ್ಟ. 80 ಎಂಎಂ ಲೆನ್ಸು, ಎಫ್/3.5ಗೆ ಎರಡು ಮೀಟರ್ ದೂರದಲ್ಲಿ ಶಾರ್ಪ್ ಇರೋದು ಹೆಚ್ಚು ಕಮ್ಮಿ ಮುಕ್ಕಾಲು ಅಡಿ. ಮೂಗು ಇದ್ರೆ ಕಿವಿ ಇಲ್ಲ ಅನ್ನೋ ಹಾಗೆ ಅಲ್ಲದಿದ್ರೂ, ಕೈ ಇದ್ರೆ ಮುಖ ಇಲ್ಲ. ಮೇಲಿನ ಭೂತಗನ್ನಡಿ ಎತ್ತಿ, ಕೊಪ್ಪರಿಗೆಯ ಅಂಚಿಗೆ ಯಾರಾದ್ರೂ ಮೊಬೈಲ್ ಟಾರ್ಚ್ ಬಿಡ್ಲಿ, ಅಲ್ಲಿ ಫೋಕಸ್ ಮಾಡಿ ಬಿಟ್ಬಿಡು. ಅವನು ಆ ಅಂಚಿನ ಹತ್ರ ಬಂದಾಗ ತೆಗಿ.

ಇನ್ನು ಆವಿ. ಇದು ಯಾರೂ ಹೇಳಲ್ಲ. ನೀನು ನೋಡೋದು ಮೇಲಿನ ಲೆನ್ಸಲ್ಲಿ, ಫೋಟೊ ಬರೋದು ಕೆಳಗಿನ ಲೆನ್ಸಲ್ಲಿ. ಕೊಪ್ಪರಿಗೆ ಹತ್ರ ಬಗ್ಗಿದಾಗ ಕೆಳಗಿನದು ಮಂಜು ಹಿಡಿದು ಕೂತಿರುತ್ತೆ, ಗಾಜಲ್ಲಿ ಎಲ್ಲ ಚೊಕ್ಕಟವಾಗಿ ಕಾಣುತ್ತೆ, ರೋಲ್ ಪೂರ್ತಿ ಮಬ್ಬು. ಪ್ರತಿ ಸಲ ಒತ್ತೋ ಮುಂಚೆ ಕ್ಯಾಮೆರಾ ತಿರುಗಿಸಿ ಕೆಳಗಿನ ಕಣ್ಣು ನೋಡು. ಬೆಳಿಗ್ಗೆ ಚಳಿಯಲ್ಲಿ ಬೈಕಲ್ಲಿ ಹೋಗ್ತೀಯ ಅಲ್ವಾ, ಹೋದ ತಕ್ಷಣ ಶುರು ಮಾಡ್ಬೇಡ, ಬ್ಯಾಗ್ ಒಳಗೇ ಒಲೆಯಿಂದ ಒಂದಷ್ಟು ದೂರ ಇಟ್ಟು ಕ್ಯಾಮೆರಾ ಬೆಚ್ಚಗಾಗ್ಲಿ. ಈ ಲೆನ್ಸಿಗೆ ಕೂರೋ ಬೇ-1 ಅಳತೆಯ ಯುವಿ ಫಿಲ್ಟರ್ ಸಿಕ್ಕಿದ್ರೆ ಹಾಕು. ಪಾಕ ಉಕ್ಕಿ ಸಿಡಿದ್ರೆ ಲೆನ್ಸ್ ಮೇಲೆ ಬೆಲ್ಲ ಕಟ್ಟುತ್ತೆ, ಅದನ್ನ ಬನಿಯನ್‌ನಲ್ಲಿ ಉಜ್ಜೋ ಜನ ಇದ್ದಾರೆ.

ಆವಿ ಫೋಟೊದಲ್ಲಿ ಕಾಣ್ಬೇಕಾದ್ರೆ ಬೆಳಕು ಅದರ ಹಿಂದಿನಿಂದ ಬರ್ಬೇಕು. ನೀನು ಗೋಡೆ ಕಡೆ ನಿಂತು ಬಯಲ ಕಡೆ ತಿರುಗಿದ್ರೆ ಆವಿ ಎದ್ದು ಕಾಣುತ್ತೆ, ಜನ ಕಪ್ಪಾಗ್ತಾರೆ. ಬಯಲ ಕಡೆಯಿಂದ ಒಳಕ್ಕೆ ತಿರುಗಿದ್ರೆ ಜನ ಕಾಣ್ತಾರೆ, ಆವಿ ಬೂದಿ ಬೂದಿ. ನಾನಾಗಿದ್ರೆ ಓರೆಯಲ್ಲಿ, ಗೋಡೆಯ ಮೂಲೆಯಿಂದ. ಲೆನ್ಸಿಗೆ ನೇರ ಬೆಳಕು ಬಡಿಯದ ಹಾಗೆ ಹುಡ್ ಹಾಕೋದು ಮರೀಬೇಡ.

ಕುವೆಂಪುನಗರ ಬಚ್ಚಲು ಲ್ಯಾಬ್

ಯಜಮಾನ್ರು ಹೇಳಿದ್ದು ಸರಿ. ತೊಳೆಯೋ ಕಡೆಯಿಂದ ನಂದೊಂದಿಷ್ಟು.

ಐಡಿ-11 ಡೆವಲಪರ್‌ನ 1+1 (ಒಂದಕ್ಕೆ ಒಂದು ನೀರು) ಮಾಡಿದ್ರೆ ಎಚ್‌ಪಿ5 ಪ್ಲಸ್‌ಗೆ 400ರಲ್ಲಿ, 20 ಡಿಗ್ರಿಯಲ್ಲಿ 13 ನಿಮಿಷ ಅಂತ ಇಲ್‌ಫರ್ಡ್‌ನವರ ಪಟ್ಟಿ. 200ಕ್ಕೆ ತೆಗೆದಿದ್ರೆ ಅದರಲ್ಲಿ ಐದನೇ ಒಂದು ಭಾಗ ಕಡಿಮೆ ಮಾಡಿ, ಹತ್ತೂವರೆ ನಿಮಿಷದಿಂದ ಶುರು ಮಾಡಿ. ಮೊದಲ ರೋಲ್ ನೋಡಿ ಆಮೇಲೆ ಹೆಚ್ಚು ಕಮ್ಮಿ. ನಮ್ ಕಡೆ ಓವರ್‌ಹೆಡ್ ಟ್ಯಾಂಕ್ ನೀರು ಬೇಸಿಗೆಯಲ್ಲಿ 28 ದಾಟಿರುತ್ತೆ, ಬಕೆಟ್‌ಗೆ ಐಸ್ ಹಾಕಿ ಬಾಟಲಿಗಳನ್ನ ಅದರಲ್ಲಿ ನಿಲ್ಲಿಸಿ. 20ಕ್ಕೆ ಬರದಿದ್ರೆ 24ರಲ್ಲಿ ನಿಲ್ಲಿಸಿ, ಪಟ್ಟಿ ನೋಡಿ ಸಮಯ ಇಳಿಸಿ. ಐದು ನಿಮಿಷಕ್ಕಿಂತ ಕೆಳಗೆ ಹೋಗ್ಬೇಡಿ, ಆಕಾಶ ಎಲ್ಲ ಪಟ್ಟೆ ಪಟ್ಟೆ ಆಗುತ್ತೆ. ಮಂಡ್ಯದ ಬೋರ್ ನೀರಾದ್ರೆ ಕೊನೇ ತೊಳೆತ ಮಾತ್ರ ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾಡಿ, ಇಲ್ಲಾಂದ್ರೆ ಒಣಗಿದ ಮೇಲೆ ಸುಣ್ಣದ ಚುಕ್ಕಿ.

ಬೆಳಕು ನುಗ್ಗದ ಕಪ್ಪು ಚೀಲದೊಳಗೆ ರೋಲ್ ಬಿಚ್ಚುವಾಗ ಮೊದಲು ಬರೋದು ಬರೀ ಕಾಗದ, ಆಮೇಲೆ ಫಿಲಂನ ಬಿಟ್ಟ ತುದಿ, ಅಂದ್ರೆ ನೀವು ಕೊನೆಗೆ ತೆಗೆದ ಹನ್ನೆರಡನೇದು. ಅದನ್ನ ಡೆವಲಪ್ ಮಾಡೋ ಟ್ಯಾಂಕಿನ ರೀಲ್‌ಗೆ ಸೇರಿಸ್ತಾ ಹೋಗಿ. ಟೇಪ್ ಅಂಟಿಸಿರೋದು ಇನ್ನೊಂದು ತುದಿಗೆ. ಟೇಪ್‌ನ ಸರ್ರಂತ ಕೀಳ್ಬೇಡಿ, ಕತ್ತಲಲ್ಲಿ ಅಲ್ಲೇ ನೀಲಿ ಕಿಡಿ ಹೊಳೆಯುತ್ತೆ. ಕತ್ತರೀಲಿ ಕತ್ತರಿಸಿದ್ರೆ ಗಲಾಟೆನೇ ಇಲ್ಲ.

ಕ್ಯಾಮೆರಾ ಮೀಟರ್ ಬಗ್ಗೆ: ಅದು ಪಿಎಕ್ಸ್625 ಪಾದರಸದ ಸೆಲ್‌ಗೆ ಮಾಡಿದ್ದು, 1.35 ವೋಲ್ಟ್. ಆ ಸೆಲ್ ಈಗ ಬರಲ್ಲ. ಅದೇ ಅಳತೆಯ 1.5 ವೋಲ್ಟ್ ಆಲ್ಕಲೈನ್ ಹಾಕಿದ್ರೆ ಮುಳ್ಳು ಅಲ್ಲಾಡುತ್ತೆ, ಆದ್ರೆ ಸುಳ್ಳು ಹೇಳುತ್ತೆ. ಕಿವಿ ಮಿಷನ್‌ಗೆ ಹಾಕೋ 675 ಸೆಲ್, 1.4 ವೋಲ್ಟ್, ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ. ಸುತ್ತ ಒಂದು ರಬ್ಬರ್ ರಿಂಗ್ ಹಾಕಿದ್ರೆ ಕೂರುತ್ತೆ. ಸ್ಟಿಕರ್ ಕಿತ್ತ ಮೇಲೆ ಕೆಲವು ತಿಂಗಳಲ್ಲಿ ಸತ್ತುಹೋಗುತ್ತೆ. ಆಲೆಮನೆಗೆ ಮಾತ್ರ ಮೊಬೈಲೇ ವಾಸಿ, ಕ್ಯಾಮೆರಾದ್ದು ಒಲೆ ಗೋಡೆ ಎಲ್ಲ ಸೇರಿಸಿ ಸರಾಸರಿ ಹೊಡೆಯುತ್ತೆ.

ಕ್ಲಿಕ್-3 ಅಭಿಮಾನಿ, ಪಡುವಾರಹಳ್ಳಿ

ನಮ್ಮ ಮನೇಲಿ ಬರೋಡಾದಲ್ಲಿ ಮಾಡಿದ ಆಗ್ಫಾ ಕ್ಲಿಕ್-3 ಇದೆ. ಅದಕ್ಕೂ 120 ರೋಲೇ, ಹನ್ನೆರಡು ಚೌಕವೇ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಬಿಸಿಲಲ್ಲಿ ನಿಮ್ಮ ಯಾಶಿಕಾಗೇನೂ ಕಮ್ಮಿ ಇಲ್ಲ. ಆಲೆಮನೆ ಒಳಗೆ ತಗೊಂಡು ಹೋದ್ರೆ ಮಾತ್ರ ಕಬ್ಬಿನ ಹಾಲು ಕುಡಿದು ವಾಪಸ್ ಬರ್ಬೇಕು.

ಕೆರಗೋಡು ಹೈದ

ತುಂಬ ಥ್ಯಾಂಕ್ಸ್ ಸರ್, ಎಲ್ರಿಗೂ. ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಎರಡು ಅನುಮಾನ. ಒಂದು, 1/15, 1/8 ನಾನು ಇಲ್ಲಿವರೆಗೂ ಬಳಸೇ ಇಲ್ಲ, ಹೊರಗಡೆ 1/125 ಮೇಲೇ. ಅದು ಸರಿ ಇದೆಯೋ ಇಲ್ವೋ ಫಿಲಂ ಹಾಳು ಮಾಡದೆ ತಿಳಿಯೋದು ಹೇಗೆ? ಇನ್ನೊಂದು, ಚಿಕ್ಕಪ್ಪ ರಾತ್ರಿನೂ ಅಡುಗೆ (ಬೆಲ್ಲ ಕಾಯಿಸೋದು) ನಡೆಸ್ತಾರೆ, ಆಗ ಒಂದು ಬಲ್ಬು ಮತ್ತೆ ಒಲೆ ಅಷ್ಟೇ. ಸಣ್ಣ ಫ್ಲ್ಯಾಶ್ ಹಾಕ್ಲಾ?

ಹಳೇ ಸ್ಟುಡಿಯೋ ಮೈಸೂರು

ಒಳ್ಳೇ ಪ್ರಶ್ನೆ. ನಿನ್ನ ಕ್ಯಾಮೆರಾದಲ್ಲಿರೋ ಹಳೇ ಕೋಪಾಲ್ ಷಟರ್‌ಗೆ ನಿಧಾನದ ಸ್ಪೀಡ್‌ಗಳಲ್ಲೇ ರೋಗ. ಒಳಗಿನ ಗ್ರೀಸ್ ಗಟ್ಟಿಯಾಗಿ ಒಂದು ಸೆಕೆಂಡ್ ಅನ್ನೋದು ಮೂರು ಸೆಕೆಂಡ್ ಆಗಿರುತ್ತೆ, ಕೆಲವು ಸಲ ಬಾಯಿ ತೆರೆದೇ ನಿಂತಿರುತ್ತೆ. ಫಿಲಂ ಹಾಕದೆ ಕ್ಯಾಮೆರಾ ಪಕ್ಕ ಮೊಬೈಲ್ ಇಟ್ಟು ಧ್ವನಿ ರೆಕಾರ್ಡ್ ಮಾಡು. 1, 1/2, 1/4, 1/8, 1/15 ಪ್ರತಿಯೊಂದನ್ನೂ ಹೊಡಿ. ಆಮೇಲೆ ಆ ರೆಕಾರ್ಡಿಂಗ್‌ನ ಅಲೆ ದೊಡ್ಡದು ಮಾಡಿ ನೋಡಿದ್ರೆ ತೆರೆದ ಸದ್ದು, ಮುಚ್ಚಿದ ಸದ್ದು ಬೇರೆ ಬೇರೆ ಮುಳ್ಳಾಗಿ ಕಾಣುತ್ತೆ. ನಡುವಿನ ಅಂತರ ಅಳಿ. ವೇಗದ ಸ್ಪೀಡ್‌ಗೆ ಈ ಉಪಾಯ ನಡೆಯಲ್ಲ, ನಿಧಾನದ್ದಕ್ಕೆ ಸಾಕು. ಬೆಳಿಗ್ಗೆ ಚಳಿಯಲ್ಲಿ ಒಂದ್ಸಲ, ಮಧ್ಯಾಹ್ನ ಒಂದ್ಸಲ ಮಾಡು. ವ್ಯತ್ಯಾಸ ಬಂದ್ರೆ ಗ್ರೀಸ್ ಸಮಸ್ಯೆನೇ, ಬಿಚ್ಚಿ ಕ್ಲೀನ್ ಮಾಡೋರ ಹತ್ರ ಕೊಡು. ಸಂದಿಯಿಂದ ಎಣ್ಣೆ ಬಿಡೋಕೆ ಹೋಗ್ಬೇಡ. ಸೆಲ್ಫ್ ಟೈಮರ್ ಕಡ್ಡಿ ಇದೆಯಲ್ಲ, ಅದನ್ನ ಮುಟ್ಟಲೇಬೇಡ, ಎಷ್ಟೋ ಕ್ಯಾಮೆರಾ ಅದು ಅರ್ಧದಲ್ಲಿ ಸಿಕ್ಕಾಕ್ಕೊಂಡೇ ಸತ್ತಿರೋದು.

ರಾತ್ರಿ ತೆಗೆಯೋದಾದ್ರೆ ಟ್ರೈಪಾಡ್ ಬೇಕು. ಕೆಲಸದವರು ಬೈದ್ರೆ ಗಾಣದ ಕಡೆ ಅಲ್ಲ, ಅಚ್ಚಿನ ಮಣೆ ಇರೋ ಮೂಲೆಯಲ್ಲಿ ಇಡು, ಅಲ್ಲಿ ಓಡಾಟ ಕಮ್ಮಿ, ಕೂತು ಕೆಲಸ ಮಾಡೋರು. ಒಂದು ಸೆಕೆಂಡ್ ದಾಟಿದ್ರೆ ಫಿಲಂ ಸೋಮಾರಿ ಆಗುತ್ತೆ. ಎಚ್‌ಪಿ5ಗೆ ಲೆಕ್ಕ 4 ಸೆಕೆಂಡ್ ಬಂದ್ರೆ 6 ಕೊಡು.

ಫ್ಲ್ಯಾಶ್ ಬೇಡ. ಎಲೆ ಷಟರ್ ಆದ್ರಿಂದ ಯಾವ ಸ್ಪೀಡಲ್ಲೂ ಫ್ಲ್ಯಾಶ್ ಹೊಂದುತ್ತೆ, ಅದು ನಿಜ. ಆದ್ರೆ ಕ್ಯಾಮೆರಾ ಪಕ್ಕದಿಂದ ಹೊಡೆದ ಬೆಳಕು ಎದುರಿನ ಆವಿಗೆ ಬಡಿದು ನಿನ್ನ ಕಡೆಗೇ ವಾಪಸ್ ಬರುತ್ತೆ. ಬಿಳೀ ಪರದೆ ಬಿಟ್ರೆ ಏನೂ ಸಿಗಲ್ಲ.

ಸರಸ್ವತಿಪುರಂ 35ಎಂಎಂ

ಸರ್, ಫ್ಲ್ಯಾಶ್‌ನ ಉದ್ದ ವೈರ್ ಹಾಕಿ ಕೊಪ್ಪರಿಗೆ ಆಚೆ ಕಡೆ ಇಟ್ರೆ? ಹಿಂದಿನಿಂದ ಬೆಳಕು ಬಂದ್ರೆ ಆವಿ ಕಾಣುತ್ತೆ ಅಂತ ನೀವೇ ಹೇಳಿದ್ರಲ್ಲ.

ಹಳೇ ಸ್ಟುಡಿಯೋ ಮೈಸೂರು

ಆ ಮಾತು ಒಪ್ತೀನಿ, ಚೆನ್ನಾಗೇ ಬರುತ್ತೆ. ಆದ್ರೆ ಅದು ಮದುವೆ ಛತ್ರ ಅಲ್ಲಪ್ಪ. ಕುದಿಯೋ ಪಾಕದ ಪಕ್ಕ ಕತ್ತಲಲ್ಲಿ ಕೆಲಸ ಮಾಡೋನ ಕಣ್ಣಿಗೆ ಏಕ್‌ದಂ ಬೆಳಕು ಹೊಡೆದ್ರೆ, ಕಾಲ ಕೆಳಗೆ ವೈರ್ ಬೇರೆ ಇದ್ರೆ, ಏನಾಗ್ಬೋದು ಯೋಚನೆ ಮಾಡು. ಮಾಡಲೇಬೇಕು ಅಂದ್ರೆ ಕೆಲಸ ಮುಗಿದ ಮೇಲೆ ಕೊಪ್ಪರಿಗೆಯಲ್ಲಿ ಬರೀ ನೀರು ಕಾಯಿಸಿ, ಚಿಕ್ಕಪ್ಪನ್ನ ಕೇಳಿ ಮಾಡಿ. ಕೆಲಸ ನಡೀತಿರೋವಾಗ ಬೇಡ.

ಕೆರಗೋಡು ಹೈದ, ಇನ್ನೊಂದು ಮರೆತಿದ್ದೆ. ರೋಲ್ ಮುಗಿದ ಮೇಲೆ ಕೊನೇ ಕಾಗದ ಸುತ್ತೋವರೆಗೂ ತಿರುಗಿಸಿ, ನೆರಳಲ್ಲಿ ಹಿಂಬಾಗಿಲು ತೆಗಿ, ಹೆಬ್ಬೆರಳಲ್ಲಿ ಬಿಗಿಯಾಗಿ ಒತ್ತಿ ಹಿಡಿದೇ ಅಂಟುಪಟ್ಟಿಗೆ ಎಂಜಲು ಹಚ್ಚಿ ಸುತ್ತು. ಸಡಿಲ ಬಿಟ್ರೆ ಅಂಚಲ್ಲಿ ಬೆಳಕು ನುಗ್ಗುತ್ತೆ. ಬೆಲ್ಲದ ಕೈಯಲ್ಲಿ ಮಾತ್ರ ಮುಟ್ಟಬೇಡ. ತೊಳೆದ ಮೇಲೆ ನೆಗೆಟಿವ್ ಸ್ಕ್ಯಾನ್ ಇಲ್ಲಿ ಹಾಕು, ಗೋಡೆಯ ಇಟ್ಟಿಗೆ ಬಂದಿದೆಯಾ ನೋಡಿ ಎರಡನೇ ರೋಲ್‌ಗೆ ಸಮಯ ಹೇಳ್ತೀನಿ.